ಮಾವನ ಕೈನಡುಕ, ಮಿದುಳೊಳಗಿನ ತಂತಿ

ಈ ಎಪಿಸೋಡ್ ಶುರುವಾಗಿದ್ದು ಒಂದು ವಾಯ್ಸ್ ಮೆಸೇಜಿನಿಂದ. ಚಿಂತಾಮಣಿ ಕಡೆಯ ಒಬ್ಬ ತಾಯಿ ಕಳಿಸಿದ್ದು. ಮಗನಿಗೆ ಬೈಕ್ ಆಕ್ಸಿಡೆಂಟ್ ಆಗಿ ತಲೆಗೆ ಪೆಟ್ಟು ಬಿತ್ತಂತೆ. ಬದುಕಿ ಬಂದ, ಮನೆಯವರೆಲ್ಲ ನಿಟ್ಟುಸಿರು ಬಿಟ್ರು. ಮೂರು ತಿಂಗಳಾದ ಮೇಲೆ ಎಡಗೈ ನಡುಗೋಕೆ ಶುರುವಾಯ್ತು. "ಮಿದುಳಿಗೆ ತಂತಿ ಹಾಕಿ ಕರೆಂಟ್ ಕೊಟ್ರೆ ನಡುಕ ನಿಂತೋಗುತ್ತಂತೆ, ಮೊಬೈಲಲ್ಲಿ ವಿಡಿಯೋ ನೋಡಿದೆ. ನಿಜವೇನಪ್ಪಾ? ಜಮೀನು ಮಾರ್ಬೇಕಾಗುತ್ತೆ, ಅದಕ್ಕೇ ಕೇಳ್ತಿದೀನಿ" ಅಂತ.

ನಾನು ಓದಿರೋದು ಬಿ.ಕಾಂ. ಡಾಕ್ಟರ್ ಅಲ್ಲ. ಆದ್ರೂ ಈ ಪ್ರಶ್ನೆಯನ್ನ ಹಾಗೇ ಬಿಡೋಕಾಗಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆ, ಇದೇ ಜಮೀನಿನ ಲೆಕ್ಕ, ನಮ್ಮ ಮನೆಯಲ್ಲೂ ಆಗಿಹೋಗಿದೆ. ಆ ತಾಯಿಗೆ ನೇರವಾಗಿ ಹೌದು, ಇಲ್ಲ ಅನ್ನೋದಕ್ಕಿಂತ, ಈ ತಂತಿ ಎಲ್ಲಿಂದ ಬಂತು ಅಂತ ಹೇಳಿದ್ರೆ ಅವರಿಗೇ ಕೆಲವು ವಿಷಯ ಗೊತ್ತಾಗಬಹುದು ಅನ್ನಿಸಿತು.

ಮೊದಲು ಮಾವನ ಕತೆ. ನಮ್ಮಮ್ಮನ ತಮ್ಮ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋ ಕೆಲಸ. ಬಿಸಿನೀರಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಸೇರಿಸಿ ಒಂದು ನೂಲು ಮಾಡ್ಬೇಕು. ಎಳೆ ಕಿತ್ತೋದ್ರೆ ತಕ್ಷಣ ಇನ್ನೊಂದು ಗೂಡಿನ ತುದಿ ತಗುಲಿಸಬೇಕು. ಕಣ್ಣಿಗಿಂತ ಬೆರಳಿಗೇ ಜಾಸ್ತಿ ಗೊತ್ತಿರಬೇಕಾದ ಕೆಲಸ ಅದು. 2018ರ ಡಿಸೆಂಬರ್‌ನಲ್ಲಿ, ಬೆಳಗಿನ ಮಂಜಲ್ಲಿ, ಎಚ್ ಕ್ರಾಸ್ ಹತ್ತಿರ ಟೊಮೆಟೊ ತುಂಬಿದ ಟೆಂಪೋಗೆ ಮಾವನ ಬೈಕ್ ತಗುಲಿತು. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ. ಹನ್ನೆರಡು ದಿನ ಪ್ರಜ್ಞೆ ಇರಲಿಲ್ಲ.

ಎದ್ದರು. ನಡೆದರು. ಯುಗಾದಿಗೆ ಒಬ್ಬಟ್ಟು ತಿಂದರು. ಅದಾದ ಮೇಲೆ ಬಲಗೈ ಅಲ್ಲಾಡೋಕೆ ಶುರು. ಪಾರ್ಕಿನ್ಸನ್ ಕಾಯಿಲೆಯವರ ಬೆರಳು ಮಾತ್ರೆ ಉರುಳಿಸೋ ಹಾಗೆ ಸಣ್ಣಗೆ ಆಡುತ್ತಲ್ಲ, ಆ ತರ ಅಲ್ಲ. ಇಡೀ ತೋಳು, ನಿಧಾನಕ್ಕೆ, ದೊಡ್ಡದಾಗಿ. ಸುಮ್ಮನೆ ಕೂತಾಗ ಸ್ವಲ್ಪ, ಲೋಟ ಎತ್ತಿದ್ರೆ ಜೋರು, ಬಾಯಿ ಹತ್ರ ಬಂದ್ರೆ ಇನ್ನೂ ಜೋರು. ನಮ್ಮಜ್ಜಿ ತೆಲುಗಲ್ಲಿ ‘ವಣುಕು’ ಅಂತ ಕರೆದು ಮಂತ್ರ ಹಾಕಿಸೋಕೆ ಕರ್ಕೊಂಡು ಹೋದ್ರು. ಒಬ್ಬ ಡಾಕ್ಟ್ರು, ಹೆಸರು ಬೇಡ, "ಪೆಟ್ಟು ಬಿದ್ದು ನಾಲ್ಕು ತಿಂಗಳಾಗಿದೆ, ಪೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ, ಟೆನ್ಷನ್" ಅಂದ್ರು. ಇನ್ಶೂರೆನ್ಸ್ ಕಡೆಯ ವಕೀಲರಿಗೆ ಅಷ್ಟೇ ಸಾಕಾಗಿತ್ತು. ಪರಿಹಾರದ ಕೇಸಲ್ಲಿ ಅದನ್ನೇ ಹಿಡ್ಕೊಂಡ್ರು. ನಮಗೆ ಒಂದು ವರ್ಷ ಹೋಯ್ತು.

ಆ ಮಾತು ತಪ್ಪು ಅನ್ನೋದು ಎಷ್ಟು ಹಳೇ ವಿಷಯ ಅಂತ ಆಮೇಲೆ ಓದಿದಾಗ ಗೊತ್ತಾಗಿ ಸಿಟ್ಟು ಬಂತು. ಈ ನಡುಕಕ್ಕೆ ಒಂದು ಹೆಸರಿದೆ, ಹೋಮ್ಸ್ ನಡುಕ. ಗಾರ್ಡನ್ ಹೋಮ್ಸ್ ಅನ್ನೋ ಐರಿಷ್ ವೈದ್ಯ 1904ರಲ್ಲೇ ಇದನ್ನ ವಿವರಿಸಿದ್ರು. 1998ರಲ್ಲಿ ಚಲನೆಯ ತೊಂದರೆಗಳ ತಜ್ಞರ ಅಂತರರಾಷ್ಟ್ರೀಯ ಸಂಘ ನಡುಕಗಳನ್ನೆಲ್ಲ ವಿಂಗಡಿಸಿದಾಗ ಈ ನಡುಕದ ಗುರುತು ಅಂತ ಬರೆದಿದ್ದರಲ್ಲಿ ಎರಡು ಇವು. ಒಂದು, ಅದು ನಿಧಾನ, ಸೆಕೆಂಡಿಗೆ ನಾಲ್ಕೂವರೆ ಸಲಕ್ಕಿಂತ ಕಡಿಮೆ. ಎರಡು, ಪೆಟ್ಟಿಗೂ ನಡುಕಕ್ಕೂ ನಡುವೆ ವಾರಗಳಿಂದ ಹಿಡಿದು ಎರಡು ವರ್ಷದವರೆಗೂ ಅಂತರ ಇರಬಹುದು. ಅಂದ್ರೆ ತಡವಾಗಿ ಬರೋದೇ ಇದರ ಲಕ್ಷಣ. ಕೇಸ್ ನಡೆಸ್ತಿರೋ ಕೇಳುಗರು ಯಾರಾದ್ರೂ ಇದ್ರೆ ಇದನ್ನ ನಿಮ್ಮ ನರರೋಗ ತಜ್ಞರ ಹತ್ರ ಬರೆಸಿಕೊಳ್ಳಿ.

ಗೌರಿಬಿದನೂರಿನವರಿಗೆ ಇದು ಬೇಗ ಅರ್ಥ ಆಗುತ್ತೆ ಅಂದ್ಕೋತೀನಿ. ನಿಮ್ಮೂರಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಇದೆಯಲ್ಲ. ಭೂಮಿ ನಡುಗಿದ ರೀತಿ ನೋಡಿ ಇದು ಭೂಕಂಪನಾ, ಯಾರಾದ್ರೂ ನೆಲದಡಿ ಅಣುಬಾಂಬ್ ಸಿಡಿಸಿದ್ರಾ ಅಂತ ಹೇಳೋ ಕೇಂದ್ರ. ಮಾವನ ಕೈಗೂ ಬೆಂಗಳೂರಲ್ಲಿ ಒಂದು ಸಣ್ಣ ಮಾಪಕ ಕಟ್ಟಿ, ನಡುಕದ ಲಯ ಎಣಿಸಿ, ಇದು ಯಾವ ಜಾತಿ ನಡುಕ ಅಂತ ಹೇಳಿದ್ರು. ಎಂಆರ್‌ಐ ಮಾಡಿದಾಗ ನಡುಮಿದುಳಲ್ಲಿ ಒಂದು ಚಿಕ್ಕ ಕಲೆ ಕಾಣಿಸ್ತು. ತಲೆ ರಭಸದಿಂದ ತಿರುಗಿ ನಿಂತಾಗ ಮಿದುಳಿನ ನರತಂತುಗಳು ಎಳೆದಾಡಿ ಹರಿಯುತ್ತವೆ, ಮೇಲೆ ತಲೆಬುರುಡೆ ಸೀಳದೇ ಇದ್ರೂನೂ. ಮಾವ ಅದನ್ನ ಕೇಳಿ ಹೇಳಿದ್ದು, "ಗೂಡು ನೋಡೋಕೆ ಚೆನ್ನಾಗೇ ಇರ್ತದೆ, ಬಿಚ್ಚೋಕೆ ಹೋದ್ರೆ ಒಳಗೆ ಎಳೆ ಕಿತ್ತಿರ್ತದೆ."

ಇದೇ ಗಾರ್ಡನ್ ಹೋಮ್ಸ್ ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸೇನಾ ಆಸ್ಪತ್ರೆಗಳಲ್ಲಿ ಇದ್ರು. ಬ್ರಿಟಿಷ್ ಸೈನಿಕರ ಕಬ್ಬಿಣದ ಟೋಪಿ ನೆತ್ತಿಯನ್ನ ಮುಚ್ಚುತ್ತಿತ್ತು, ಹಿಂದಲೆಯನ್ನ ಅಲ್ಲ. ಹಾಗಾಗಿ ಹಿಂದಲೆಗೆ ಗುಂಡು ತಗುಲಿದವರು ಸಾಲುಸಾಲಾಗಿ ಬರ್ತಿದ್ರು. ಯಾವ ಜಾಗಕ್ಕೆ ಪೆಟ್ಟಾದ್ರೆ ಕೈ ಹೇಗೆ ತಪ್ಪುತ್ತೆ, ಕಣ್ಣಿಗೆ ಏನಾಗುತ್ತೆ ಅಂತ ಅವರು ಬರೆದಿಟ್ಟ ಟಿಪ್ಪಣಿಗಳು ಇವತ್ತಿಗೂ ಪಾಠ. ಚಲನೆಯ ಬಗ್ಗೆ ನಮಗೆ ಗೊತ್ತಿರೋದ್ರಲ್ಲಿ ಅರ್ಧ ಗೊತ್ತಾಗಿದ್ದು ಹೀಗೆ, ಯಾರದೋ ಗಾಯದಿಂದ.

ಚಿಕಿತ್ಸೆಯೂ ಹಾಗೇ ಬಂತು. 1947ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಪೀಗೆಲ್ ಮತ್ತು ವೈಸಿಸ್ ಅನ್ನೋ ಇಬ್ಬರು ಮನುಷ್ಯರ ತಲೆಗೆ ಅಳತೆಯ ಚೌಕಟ್ಟು ಕಟ್ಟಿ, ಎಕ್ಸ್‌ರೇ ನೋಡ್ಕೊಂಡು, ಮಿದುಳಿನ ಆಳಕ್ಕೆ ಸೂಜಿ ಇಳಿಸೋ ವಿಧಾನ ತಂದ್ರು. ಇದಾಗಿ ಐದು ವರ್ಷಕ್ಕೆ, 1952ರಲ್ಲಿ, ನ್ಯೂಯಾರ್ಕ್‌ನಲ್ಲಿ ಇರ್ವಿಂಗ್ ಕೂಪರ್ ಒಬ್ಬ ಪಾರ್ಕಿನ್ಸನ್ ರೋಗಿಗೆ ಬೇರೆ ಯಾವುದೋ ಆಪರೇಷನ್ ಮಾಡ್ತಿದ್ದಾಗ ಒಂದು ಸಣ್ಣ ರಕ್ತನಾಳ ಹರಿದುಹೋಯ್ತು. ರಕ್ತ ನಿಲ್ಲಿಸೋಕೆ ಅದನ್ನ ಕ್ಲಿಪ್ ಹಾಕಿ ಮುಚ್ಚಿ, ಆಪರೇಷನ್ ಅಲ್ಲಿಗೇ ಬಿಟ್ರು. ರೋಗಿ ಎಚ್ಚರ ಆದಾಗ ನಡುಕ ಇಲ್ಲ! ರಕ್ತ ಸಿಗದೆ ಒಳಗೆ ಒಂದು ಚೂರು ಸತ್ತಿತ್ತು, ಆ ಚೂರಿನ ಜೊತೆ ನಡುಕವೂ ಹೋಗಿತ್ತು. ಅಲ್ಲಿಂದ ಮುಂದೆ ಬೇಕಂತಲೇ ಆ ಚೂರನ್ನ ಕೊಲ್ಲೋದು ಶುರುವಾಯ್ತು, ಮದ್ಯಸಾರ ಚುಚ್ಚಿ, ಶಾಖ ಕೊಟ್ಟು, ಹೆಪ್ಪುಗಟ್ಟಿಸಿ. ಕೆಟ್ಟ ಜಾಗ ಸರಿ ಮಾಡೋಕಾಗಲ್ಲ, ಆದ್ರೆ ಅದರ ಗಲಾಟೆಯನ್ನ ಮುಂದಕ್ಕೆ ಸಾಗಿಸೋ ಇನ್ನೊಂದು ಜಾಗವನ್ನ ಸುಡಬಹುದು. ಅದೇ ಥಲಮಾಟಮಿ. ಥಲಮಸ್ ಅನ್ನೋದು ಮಿದುಳಿನ ನಡುಭಾಗದ ಜಂಕ್ಷನ್ ಇದ್ದ ಹಾಗೆ.

ಇಲ್ಲಿಂದ ನಮ್ಮ ಕಡೆಗೆ ಬರೋಣ. ಈ ಭಾಗ ನನಗೆ ಗೊತ್ತೇ ಇರಲಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ.

ನಿಮ್ಹಾನ್ಸ್‌ಗೆ ಹೋಗ್ಬೇಕು ಅಂದಾಗ ನಮ್ಮಜ್ಜಿ ಕೇಳಿದ್ದು, "ಹುಚ್ಚಾಸ್ಪತ್ರೆಗಾ?" ಅಜ್ಜಿಯ ಕಾಲಕ್ಕೆ ಅದು ಸರಿಯಾದ ಪ್ರಶ್ನೆಯೇ. ಅಲ್ಲಿ ಮೊದಲು ಇದ್ದದ್ದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರ್ 27ಕ್ಕೆ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಅಲ್ಲಿ ನರಶಸ್ತ್ರಚಿಕಿತ್ಸೆಯನ್ನ ಕಟ್ಟಿದವರು ಡಾ. ಆರ್. ಎಂ. ವರ್ಮ. ನಿಮ್ಹಾನ್ಸ್ ಅಂತ ಆದಾಗ ನಿರ್ದೇಶಕರಾಗಿ ಇದ್ದವರೂ ಅವರೇ.

1960ರ ದಶಕದಲ್ಲಿ ವರ್ಮ ಅವರ ಮುಂದೆ ಇದ್ದ ಸಮಸ್ಯೆ ಏನು ನೋಡಿ. ಪಾರ್ಕಿನ್ಸನ್ ನಡುಕದವರು ಬರ್ತಾ ಇದಾರೆ. ಹೊರದೇಶಗಳಲ್ಲಿ ಮಾಡೋ ಹಾಗೆ ತಲೆಬುರುಡೆಗೆ ರಂಧ್ರ ಕೊರೆದು, ಚೌಕಟ್ಟು ಕಟ್ಟಿ, ಮೇಲಿನಿಂದ ಥಲಮಸ್‌ಗೆ ಇಳೀಬೇಕು. ವರ್ಮ ಬೇರೆ ದಾರಿ ಹಿಡಿದ್ರು, ಕೆಳಗಿನಿಂದ. ನಮ್ಮ ತಲೆಬುರುಡೆಯ ತಳದಲ್ಲಿ, ದವಡೆಗೆ ಹೋಗೋ ನರ ಹೊರಬರೋಕೆ ಅಂತ ಪ್ರಕೃತಿಯೇ ಇಟ್ಟಿರೋ ಒಂದು ಮೊಟ್ಟೆಯಾಕಾರದ ಕಿಂಡಿ ಇದೆ, ಫೊರಾಮೆನ್ ಓವೇಲ್ ಅಂತಾರೆ. ಮುಖದ ನರಶೂಲೆಗೆ ಆ ಕಿಂಡಿಯ ಮೂಲಕ ಸೂಜಿ ಹಾಕೋದು ಮೊದಲೇ ರೂಢಿಯಲ್ಲಿತ್ತು. ವರ್ಮ ಅದೇ ಸೂಜಿಯನ್ನ ಇನ್ನೂ ಮುಂದಕ್ಕೆ ಕಳಿಸಿದ್ರು. ಕೆನ್ನೆಯಿಂದ ಒಳಗೆ, ಕಿಂಡಿ ದಾಟಿ, ಎಕ್ಸ್‌ರೇ ನೋಡ್ತಾ ನೋಡ್ತಾ ಥಲಮಸ್ ತನಕ. ಅಲ್ಲಿ ಔಷಧ ಚುಚ್ಚಿ ಆ ಒಂದು ಚೂರನ್ನ ನಿಷ್ಕ್ರಿಯ ಮಾಡೋದು. ಬುರುಡೆ ಕೊರೆಯೋ ಮಾತೇ ಇಲ್ಲ.

ನಾನು ಇದನ್ನ ಓದಿದಾಗ ಮೊದಲು ಮೈ ಝುಂ ಅಂತು. ಆಮೇಲೆ ಕಾಮರ್ಸ್ ಬುದ್ಧಿ ಓಡಿತು: ಇದು ಎಷ್ಟು ಅಗ್ಗ! ಒಂದು ಸೂಜಿ, ಒಂದು ಎಕ್ಸ್‌ರೇ ಯಂತ್ರ, ಒಬ್ಬ ಪಳಗಿದ ಕೈಯ ಸರ್ಜನ್. ಬ್ಯಾಟರಿ ಇಲ್ಲ, ಆಮದು ಇಲ್ಲ, ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸೋ ಭಾಗ ಯಾವುದೂ ಇಲ್ಲ. ಹಳ್ಳಿಯಿಂದ ಒಂದು ಸಲ ಬಂದು ಹೋಗೋ ರೋಗಿಗೆ ಅಂತಲೇ ಮಾಡಿದ ಹಾಗಿದೆ. ಅದೇ ಕಾಲಕ್ಕೆ ಮದ್ರಾಸಿನಲ್ಲಿ ಬಿ. ರಾಮಮೂರ್ತಿ, ವಿ. ಬಾಲಸುಬ್ರಮಣ್ಯಂ, ಟಿ. ಎಸ್. ಕನಕ ಅವರ ತಂಡ ಚೌಕಟ್ಟಿನ ವಿಧಾನದಲ್ಲಿ ದೊಡ್ಡ ಕೆಲಸ ಮಾಡ್ತಿತ್ತು. ಕನಕ ಅವರು ಏಷ್ಯಾದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕರಲ್ಲಿ ಒಬ್ಬರು. ಅಂದ್ರೆ ನಮ್ಮಿಂದ ಒಂದು ಹಗಲಿನ ದಾರಿಯೊಳಗೆ ಎರಡು ಊರುಗಳಲ್ಲಿ ಈ ವಿದ್ಯೆ ಇತ್ತು, ನಮ್ಮ ತಾತಂದಿರ ಕಾಲದಲ್ಲೇ.

ಆದ್ರೆ ಈ ವಿದ್ಯೆಗೆ ಒಂದು ಭಯಂಕರ ಗುಣ ಇತ್ತು. ಒಮ್ಮೆ ಕೊಂದ ಚೂರು ತಿರುಗಿ ಬರಲ್ಲ. ಒಂದು ಮಿಲಿಮೀಟರ್ ಆಚೆ ಹೋದ್ರೆ ಕೈಗೆ ಲಕ್ವ ಹೊಡೀಬಹುದು. ಎರಡೂ ಕಡೆ ಮಾಡಿದ್ರೆ ಮಾತು ತೊದಲೋದು, ನುಂಗೋಕೆ ಕಷ್ಟ ಆಗೋದು ಮಾಮೂಲು. ಹಾಗಾಗಿ 1960ರ ದಶಕದ ಕೊನೆಗೆ ಲೆವೊಡೋಪಾ ಮಾತ್ರೆ ಬಂದಾಗ ಎಲ್ಲ ಕಡೆ ಈ ಆಪರೇಷನ್‌ಗಳು ಕಡಿಮೆಯಾದವು. ಅಂದಹಾಗೆ ಆ ಲೆವೊಡೋಪಾ ನಮ್ಮ ಬೇಲಿಸಾಲಿನ ನಸುಗುನ್ನಿ ಬೀಜದಲ್ಲಿದೆ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅನ್ನೋ ಇಬ್ಬರು ಭಾರತೀಯ ವಿಜ್ಞಾನಿಗಳು ಅದನ್ನ ಬೇರ್ಪಡಿಸಿದ್ರು. ಮುಟ್ಟಿದ್ರೆ ತುರಿಕೆ ಬರುತ್ತಲ್ಲ, ಅದೇ ನಸುಗುನ್ನಿ. ದಯವಿಟ್ಟು ಬೀಜ ಅರೆದು ಕುಡಿಸೋಕೆ ಹೋಗ್ಬೇಡಿ. ಪಾರ್ಕಿನ್ಸನ್‌ಗೆ ಮಾತ್ರೆ ಕೆಲಸ ಮಾಡಿದಷ್ಟು ಪೆಟ್ಟಿನ ನಡುಕಕ್ಕೆ ಮಾಡಲ್ಲ. ಕೆಲವರಿಗೆ ಸ್ವಲ್ಪ ಅನುಕೂಲ ಆಗುತ್ತೆ, ಬಹಳ ಜನಕ್ಕೆ ಇಲ್ಲ. ಮಾವನಿಗೆ ಆಗಲಿಲ್ಲ.

ಈಗ 1987ಕ್ಕೆ ಬನ್ನಿ. ಫ್ರಾನ್ಸಿನ ಗ್ರೆನೋಬಲ್ ಊರು, ಸರ್ಜನ್ ಹೆಸರು ಅಲಿಂ-ಲೂಯಿ ಬೆನಾಬಿಡ್. ಥಲಮಸ್ ಸುಡೋ ಮೊದಲು ಸರಿಯಾದ ಜಾಗಕ್ಕೆ ಬಂದಿದೀವಾ ಅಂತ ತಿಳ್ಕೊಳ್ಳೋಕೆ ಎಲ್ಲ ಸರ್ಜನ್‌ಗಳೂ ಅಲ್ಲಿ ಸ್ವಲ್ಪ ವಿದ್ಯುತ್ ಕೊಟ್ಟು ನೋಡ್ತಿದ್ರು. ಸೆಕೆಂಡಿಗೆ ಕೆಲವೇ ಸಲ ಮಿಡಿದ್ರೆ ನಡುಕ ನಿಲ್ಲಲ್ಲ, ಒಮ್ಮೊಮ್ಮೆ ಹೆಚ್ಚಾಗುತ್ತೆ. ಸೆಕೆಂಡಿಗೆ ನೂರರ ಹತ್ರ ಹೋದ್ರೆ ನಡುಕ ಗಪ್ ಅಂತ ನಿಲ್ಲುತ್ತೆ. ಕರೆಂಟ್ ತೆಗೆದ್ರೆ ವಾಪಸ್ ಬರುತ್ತೆ. ಹಾಗಿದ್ರೆ ಸುಡೋದ್ಯಾಕೆ, ತಂತಿಯನ್ನ ಒಳಗೇ ಬಿಟ್ಟು ಕರೆಂಟ್ ಕೊಡ್ತಾ ಇದ್ರಾಗಲ್ವಾ? ಬೆನಾಬಿಡ್ ಹಾಗೆ ಮಾಡಿದ್ರು. ಒಂದು ಕಡೆ ಸುಟ್ಟಾಗಿದ್ದ ರೋಗಿಗೆ ಇನ್ನೊಂದು ಕಡೆ ಸುಡೋ ಅಪಾಯ ಬೇಡ ಅಂತ ತಂತಿ ಇಟ್ರು. ಹೃದಯದ ಪೇಸ್‌ಮೇಕರ್ ತಂತ್ರಜ್ಞಾನ ಆಗಲೇ ಸಿದ್ಧ ಇತ್ತು, ಎದೆಯ ಚರ್ಮದಡಿ ಬ್ಯಾಟರಿ, ಕತ್ತಿನ ಒಳಗಿಂದ ತಲೆಗೆ ತಂತಿ. ಅದೇ ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಡಿಬಿಎಸ್. ಅಮೆರಿಕ ಸರ್ಕಾರ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ಗೆ ಇದಕ್ಕೆ ಒಪ್ಪಿಗೆ ಕೊಡ್ತು. 1990ರ ದಶಕ ಮುಗಿಯೋ ಹೊತ್ತಿಗೆ ಭಾರತಕ್ಕೂ ಬಂತು.

ಹಳೇ ವಿಧಾನ ಪೂರ್ತಿ ಹೋಗಲಿಲ್ಲ ಅನ್ನೋದು ಗಮನಿಸಿ. 2017ರ ಜುಲೈನಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ಒಬ್ಬರು ಆಪರೇಷನ್ ಟೇಬಲ್ ಮೇಲೆ ಗಿಟಾರ್ ನುಡಿಸಿದ ಸುದ್ದಿ ನೆನಪಿದೆಯಾ? ಎಲ್ಲ ಚಾನೆಲ್‌ನಲ್ಲೂ ಬಂದಿತ್ತು. ತುಂಬಾ ಜನ ಅದನ್ನ ಡಿಬಿಎಸ್ ಅಂದ್ಕೊಂಡಿದಾರೆ. ಅಲ್ಲ, ಅದು ಥಲಮಾಟಮಿ, ಶಾಖದಿಂದ ಸುಡೋದು. ಅವರಿಗಿದ್ದದ್ದು ಗಿಟಾರ್ ಹಿಡಿದಾಗ ಬೆರಳು ಸೆಟೆದುಕೊಳ್ಳೋ ತೊಂದರೆ, ತಲೆಗೆ ಪೆಟ್ಟಾಗಿದ್ದಲ್ಲ. ವರ್ಮ ಅವರ ಕಾಲದ ಉಪಾಯವೇ, ಹೊಸ ಉಪಕರಣಗಳ ಜೊತೆ.

ಚಿಂತಾಮಣಿಯ ಅಮ್ಮ ನೋಡಿರೋ ವಿಡಿಯೋ ಬಹುಶಃ ಪಾರ್ಕಿನ್ಸನ್ ರೋಗಿಯದ್ದು, ಇಲ್ಲಾ ವಂಶಪಾರಂಪರ್ಯ ನಡುಕದ್ದು. ಸ್ವಿಚ್ ಹಾಕಿದ ತಕ್ಷಣ ಕೈ ಕಲ್ಲಿನ ಹಾಗೆ ನಿಲ್ಲುತ್ತೆ. ಆ ಕಾಯಿಲೆಗಳಲ್ಲಿ ಮಿದುಳಿನ ದಾರಿಗಳು ಇರುತ್ತವೆ, ಅದರಲ್ಲಿ ಓಡೋ ಲಯ ಕೆಟ್ಟಿರುತ್ತೆ. ಕೆಟ್ಟ ಲಯವನ್ನ ಕರೆಂಟಿನಿಂದ ತಡೆದ್ರೆ ಉಳಿದದ್ದು ಕೆಲಸ ಮಾಡುತ್ತೆ. ಪೆಟ್ಟು ಬಿದ್ದ ಮಿದುಳಲ್ಲಿ ಲಯ ಕೆಟ್ಟಿರೋದರ ಜೊತೆಗೆ ದಾರಿಯೇ ಅಲ್ಲಲ್ಲಿ ಹರಿದಿರುತ್ತೆ. ಕರೆಂಟ್ ನಡುಕವನ್ನ ತಡೀಬಹುದು, ಹರಿದ ದಾರಿಯನ್ನ ಹೊಲಿಯಲ್ಲ. ಪಾರ್ಕಿನ್ಸನ್‌ಗೆ ದೊಡ್ಡ ದೊಡ್ಡ ಅಧ್ಯಯನಗಳಿವೆ. ಪೆಟ್ಟಿನ ನಂತರದ ನಡುಕಕ್ಕೆ ಇರೋದು ಬಹುಪಾಲು ಒಂದೊಂದು ಆಸ್ಪತ್ರೆಯವರು ಬರೆದ ಕೆಲವೇ ರೋಗಿಗಳ ವರದಿಗಳು. ನಡುಕಕ್ಕೆ ಅನುಕೂಲ ಆದವರು ಅದರಲ್ಲಿ ಇದಾರೆ. ಕೈಕಾಲು ತಿರುಚಿಕೊಳ್ಳೋ ಡಿಸ್ಟೋನಿಯಾ ಪೆಟ್ಟಿನಿಂದ ಬಂದಿದ್ರೆ ಫಲಿತಾಂಶ ಇನ್ನೂ ಅನಿಶ್ಚಿತ. ನೆನಪು, ಮಾತು, ನಡಿಗೆಯ ತೊಂದರೆ ಪೆಟ್ಟಿನಿಂದಲೇ ಬಂದಿದ್ರೆ ಅದು ಹಾಗೇ ಇರುತ್ತೆ.

ಮಾವನ ಡಾಕ್ಟ್ರು ಇದನ್ನ ಬಿಡಿಸಿ ಹೇಳಿದ್ರು. "ಕಾಫಿ ಕುಡಿಯೋ ಹಾಗೆ ಮಾಡೋಕೆ ಪ್ರಯತ್ನ ಮಾಡ್ತೀವಿ. ನೂಲು ತೆಗೆಯೋ ಕೈ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ." ಮನೆಗೆ ಬಂದು ಮೂರು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ನಾನು ಎಕ್ಸೆಲ್ ಶೀಟ್ ಮಾಡಿದೆ, ನಗಬೇಡಿ. ಆಪರೇಷನ್, ಯಂತ್ರ ಎಲ್ಲ ಸೇರಿ ಹನ್ನೊಂದು ಲಕ್ಷ ಚಿಲ್ಲರೆ. ಚಾರ್ಜ್ ಮಾಡೋ ಬ್ಯಾಟರಿ ಆದ್ರೆ ಇನ್ನೂ ಜಾಸ್ತಿ, ಚಾರ್ಜ್ ಆಗದ್ದಾದ್ರೆ ಮೂರರಿಂದ ಐದು ವರ್ಷಕ್ಕೆ ಬದಲಾಯಿಸಬೇಕು. ಇದು ಒಂದು ಸಲದ ಖರ್ಚಲ್ಲ, ಬದುಕಿರೋ ತನಕ ಬರೋ ಖರ್ಚು. ಆ ಕಾಲಂ ನೋಡಿ ಅತ್ತೆ ಕೇಳಿದ್ರು, "ಕಾಫಿ ಕುಡಿಯೋಕೆ ಮುಕ್ಕಾಲು ಎಕರೆ ಮಾರ್ಬೇಕಾ?" ಮಾವ ಅಲ್ಲೇ ಇದ್ರು. ಅತ್ತೆಯೇ ಅವರಿಗೆ ಎರಡು ವರ್ಷದಿಂದ ಊಟ ತಿನ್ನಿಸ್ತಿದ್ದವರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಪಹಣಿ ತಂದು ಮೇಜಿನ ಮೇಲಿಟ್ರು. ಹಿಪ್ಪುನೇರಳೆ ತೋಟ ಹೋಯ್ತು.

2021ರಲ್ಲಿ ಆಪರೇಷನ್. ತಲೆಗೆ ಚೌಕಟ್ಟು ಬಿಗಿದು, ಮಾವ ಎಚ್ಚರವಾಗಿದ್ದಾಗಲೇ. ಮಿದುಳಿಗೆ ನೋವು ಗೊತ್ತಾಗಲ್ಲ, ಚರ್ಮಕ್ಕೆ ಮಾತ್ರ ಮರಗಟ್ಟಿಸ್ತಾರೆ. ಮಾತು ತಪ್ಪುತ್ತಾ ಅಂತ ನೋಡೋಕೆ ಎಣಿಸೋಕೆ ಹೇಳಿದ್ರಂತೆ. ಮಾವ, "ಒಂದು, ಎರಡು, ಮೂಡು, ನಾಲುಗು..." ಒಂದು ಕ್ಷಣ ಎಲ್ಲರಿಗೂ ಗಾಬರಿ, ಮಾತಿನ ಜಾಗಕ್ಕೆ ಕರೆಂಟ್ ಹೋಯ್ತಾ ಅಂತ. ಆಂಧ್ರದ ಕಡೆಯ ಒಬ್ಬ ಕಿರಿಯ ಡಾಕ್ಟ್ರು ನಕ್ಕು, "ಸರ್, ಅದು ತೆಲುಗು, ಅವರ ಕಡೆ ಹಂಗೇ" ಅಂದ್ರಂತೆ. ನಮ್ಮ ನಾಲ್ಕೂ ತಾಲೂಕಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಯಂತ್ರ ಆನ್ ಮಾಡಿದ ದಿನ ವಿಡಿಯೋದಲ್ಲಿ ಇರೋ ತರ ಏನೂ ಆಗಲಿಲ್ಲ. ಆರು ತಿಂಗಳು ಹೋಗೋದು, ಬರೋದು, ಅಳತೆ ಹೊಂದಿಸೋದು. ಬೆಳಗಿನ ಜಾವ ಮೊದಲನೇ ಬಸ್ ಹಿಡಿದು ಹೋಗಿ ರಾತ್ರಿ ಬರೋದು. ವೋಲ್ಟೇಜ್ ಏರಿಸಿದ್ರೆ ನಡುಕ ಕಡಿಮೆ, ಆದ್ರೆ ನಾಲಿಗೆ ದಪ್ಪ ಆಗುತ್ತೆ. ಇಳಿಸಿದ್ರೆ ಮಾತು ಸರಿ, ಲೋಟ ಚೆಲ್ಲುತ್ತೆ. ಕೊನೆಗೆ ಎರಡರ ನಡುವೆ ಒಂದು ಕಡೆ ನಿಂತಿದೆ. ಮುಕ್ಕಾಲು ತುಂಬಿದ ಲೋಟದಲ್ಲಿ ಕಾಫಿ ಕುಡೀತಾರೆ. ಮುದ್ದೆ ಮುರೀತಾರೆ. ಸಹಿ ಹಾಕ್ತಾರೆ, ಬ್ಯಾಂಕಿನವರು ಇನ್ನೂ ತಕರಾರು ತೆಗೀತಾರೆ. ನೂಲು ತೆಗೆಯೋಕಾಗಲ್ಲ. ಒಮ್ಮೆ ತಪಾಸಣೆಗೆ ಹೋದಾಗ ಡಾಕ್ಟ್ರು ರಿಮೋಟ್‌ನಿಂದ ಆಫ್ ಮಾಡಿ ತೋರಿಸಿದ್ರು. ಕೆಲವೇ ಸೆಕೆಂಡಲ್ಲಿ ಆ ಹಳೇ ಕೈ ವಾಪಸ್ ಬಂತು, ಇಡೀ ತೋಳು, ಅದೇ ನಿಧಾನದ ಲಯ. ಅತ್ತೆ ಮುಖ ತಿರುಗಿಸಿಕೊಂಡು "ಸಾಕು ಸಾರ್, ಹಾಕ್ಬಿಡಿ" ಅಂದ್ರು.

ಹಾಗಾಗಿ ಅಮ್ಮಾ, ನೀವು ಡಾಕ್ಟ್ರ ಹತ್ರ ಹೋದಾಗ "ವಾಸಿ ಆಗುತ್ತಾ" ಅಂತ ಕೇಳ್ಬೇಡಿ. ಪೆಟ್ಟು ಯಾವ ಜಾಗಕ್ಕೆ ಬಿದ್ದಿದೆ, ಇದು ನಡುಕವಾ ಡಿಸ್ಟೋನಿಯಾನಾ, ಆಪರೇಷನ್ ಆದ್ಮೇಲೆ ಮಗ ಯಾವ ಒಂದು ಕೆಲಸ ತಾನೇ ಮಾಡ್ಕೋಬಹುದು ಅಂತ ಕೇಳಿ. ಪೆಟ್ಟು ಬಿದ್ದು ಇನ್ನೂ ಒಂದು ವರ್ಷ ಆಗಿಲ್ಲ ಅಂದ್ರೆ ಕಾಯೋದರ ಬಗ್ಗೆಯೂ ಕೇಳಿ, ಕೆಲವರ ನಡುಕ ತಾನಾಗೇ ಇಳಿಯುತ್ತೆ. ಸುಡೋ ವಿಧಾನ ನಿಮ್ಮ ಮಗನಿಗೆ ಹೊಂದುತ್ತಾ ಅಂತಲೂ ಕೇಳಿ, ಅದಕ್ಕೆ ಬ್ಯಾಟರಿ ಬೇಡ. ಜಮೀನಿನ ಲೆಕ್ಕ ಆಮೇಲೆ, ಮತ್ತು ಎರಡನೇ ಬ್ಯಾಟರಿಯ ಲೆಕ್ಕವನ್ನೂ ಸೇರಿಸಿ. ನಾವು ಅದನ್ನ ಸೇರಿಸಿದ್ರೂ ದುಡ್ಡು ಎತ್ತಿಡಲಿಲ್ಲ. ಮಾವನ ಬ್ಯಾಟರಿ ಈಗ ಕೊನೇ ಹಂತದಲ್ಲಿದೆ, ಮುಂದಿನ ತಿಂಗಳು ತೋರಿಸೋಕೆ ಹೋಗ್ಬೇಕು.

ಮಾವ ಈಗ ಗೂಡು ಮಾರುಕಟ್ಟೆಯಲ್ಲಿ ಒಬ್ಬ ರೀಲರ್ ಪರವಾಗಿ ಗೂಡು ನೋಡಿ ಕೊಂಡುಕೊಡೋ ಕೆಲಸ ಮಾಡ್ತಾರೆ. ಗೂಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಹುಳ ಗಟ್ಟಿಯಾಗಿದೆಯಾ ಅಂತ ಸದ್ದು ಕೇಳ್ತಾರಲ್ಲ, ಅದನ್ನ ಅವರು ಬಲಗೈಯಲ್ಲೇ ಮಾಡ್ತಾರೆ. ಈ ಎಪಿಸೋಡ್ ಮಾಡ್ಲಾ ಅಂತ ಕೇಳೋಕೆ ಹೋದಾಗ ಒಂದು ಗೂಡು ಕಿವಿಗಿಟ್ಕೊಂಡು ಹೇಳಿದ್ರು, "ಮಾಡಪ್ಪಾ. ಇದೊಂದು ಕೆಲ್ಸಕ್ಕೆ ಮಾತ್ರ ಸ್ವಿಚ್ ಆಫ್ ಮಾಡ್ಕೊಂಡ್ರೂ ನಡೀತದೆ ಅಂತ ಹೇಳು."